ಒಂದೇ ಬೆಳಿಗ್ಗೆ ತುಂಬಿದ ಮೂರು ಡಬ್ಬಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡುವವರಿಗೆ ಪರದೆ ಇದೆ. ಮಲದ ಡಬ್ಬಿ ತರುವವರಿಗೆ ಇರುವುದು ಔಷಧದ ಸಾಲಿಗೆ ಅಂಟಿಕೊಂಡ ಕಿಟಕಿ. ನನ್ನ ದೂರು ಆ ಕಿಟಕಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ.

ನಾನು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಗುರುತಿಲ್ಲದವರ ಹಾಸಿಗೆ ಬಟ್ಟೆಯ ಕಲೆ ಉಜ್ಜುವಾಗ ಎಂದೂ ಮುಖ ಸಿಂಡರಿಸಿದವಳಲ್ಲ. ಮೂರು ವರ್ಷದ ಮಗಳಿಗೆ ಎರಡು ತಿಂಗಳಾದರೂ ಭೇದಿ ನಿಲ್ಲದಿದ್ದಾಗ, ದಿನಕ್ಕೆ ಎಷ್ಟು ಸಲ ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಅದನ್ನು ನೋಡಿದ ನಿಮ್ಮ ಡಾಕ್ಟರು, ಮೂರು ಬೇರೆ ಬೇರೆ ದಿನದ ಮಲ ತರಲು ಹೇಳಿ ಮೂರು ಡಬ್ಬಿ ಕೊಡಿಸಿದರು. ಮೂರು ದಿನ ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊದಲ ದಿನ ಕಿಟಕಿಯವರು ಡಬ್ಬಿಯನ್ನು ಎತ್ತಿ ಹಿಡಿದರು. "ಯಾರದಮ್ಮಾ ಈ ಕಕ್ಕ? ಹೆಸರು ಬರೆಯೋಕಾಗಲ್ವಾ?"

ಹಿಂದಿನಿಂದ ಒಬ್ಬಳು, "ನಾನು ತಿಂಡಿ ಡಬ್ಬಿ ಅನ್ಕೊಂಡೆ ಕಣಕ್ಕಾ" ಅಂದಳು. ಇಡೀ ಸಾಲು ನಕ್ಕಿತು. ಅದು ನನ್ನದಲ್ಲವೇನೋ ಎಂಬಂತೆ ನಾನೂ ನಕ್ಕೆ. ಡಬ್ಬಿ ವಾಪಸ್ ಬಂತು.

ಆ ಕಿಟಕಿಗೆ ಇನ್ನೂ ಮೂರು ಸಲ ಹೋಗಲು ಮನಸ್ಸು ಬರಲಿಲ್ಲ. ಒಂದು ಬೆಳಿಗ್ಗೆ ಮೂರೂ ಡಬ್ಬಿ ತುಂಬಿ, ಮೂರು ತಾರೀಖು ಬರೆದು ಒಟ್ಟಿಗೆ ಕೊಟ್ಟೆ. ಹೆಸರು ಸರಿಯಾಗಿತ್ತು, ಯಾರೂ ಏನೂ ಕೇಳಲಿಲ್ಲ. 'ಏನೂ ಕಂಡುಬಂದಿಲ್ಲ' ಎಂಬ ರಿಪೋರ್ಟಿಗೆ ಮೂರು ಸೀಲುಗಳೂ ಬಿದ್ದವು. ಆಮೇಲೆ ಟಾನಿಕ್ಕು, ಪಥ್ಯ. ಮಗು ಬತ್ತುತ್ತಾ ಹೋಯಿತು.

ನಾಲ್ಕು ತಿಂಗಳ ಮೇಲೆ ನ್ಯುಮೋನಿಯಾ ಆಗಿ ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಡಾಕ್ಟರಮ್ಮ ಹೇಳಿದರು: "ಕರುಳಲ್ಲಿ ಪರಾವಲಂಬಿ ಇದೆಯಮ್ಮ. ಭೇದಿ ಅದರದ್ದೇ. ಅದು ದಿನಾ ಕಾಣಿಸ್ಕೊಳ್ಳಲ್ಲ, ಅದಕ್ಕೇ ಮೂರು ದಿನ ನೋಡೋದು. ಕೆಲವು ದಿನದ ಮಾತ್ರೆ ಸಾಕಾಗ್ತಿತ್ತು. ಮೂರು ದಿನದ್ದು ಕೊಟ್ರೂ ಸಿಗ್ಲಿಲ್ವಾ?"

"ಇಲ್ಲ ಮೇಡಂ" ಅಂದೆ.

ಸೊರಗಿದ ಮೈ ನ್ಯುಮೋನಿಯಾ ತಡೆಯಲಿಲ್ಲ. ಮಗಳು ಹೋದಳು. ನನ್ನ ಗಂಡನಿಗೂ ಈ ಡಬ್ಬಿಗಳ ವಿಷಯ ಗೊತ್ತಿಲ್ಲ. ಇದನ್ನು ಓದಿಯೇ ತಿಳಿಯಬೇಕು.

ಮಗುವಿನ ಮಲಕ್ಕೆ ನಾಚಿದ ತಾಯಿಗೆ ಕ್ಷಮೆ ಕೇಳುವ ಮುಖವಿಲ್ಲ. ಆದರೆ ನಾಚಿಕೆಯಾಗುವ ಜಾಗದಲ್ಲೇ ಕಿಟಕಿ ಇಟ್ಟವರಿಗೆ ನಿದ್ದೆ ಬರುತ್ತದೆಯೇ? ಅದನ್ನು ಪಕ್ಕದ ಓಣಿಗೆ ತಿರುಗಿಸಿ. ಡಬ್ಬಿ ಕೊಡುವಾಗಲೇ ಮೂರು ದಿನ ಯಾಕೆಂದು ಬಾಯಿಬಿಟ್ಟು ಹೇಳಿ. ನಕ್ಕವರಿಗೆ ಏನೂ ಮಾಡಬೇಡಿ. ಅವರಲ್ಲಿ ನಾನೂ ಒಬ್ಬಳು.

ಇಂತಿ,
ಮೂರು ತಾರೀಖುಗಳನ್ನೂ ತನ್ನ ಕೈಯಾರೆ ಬರೆದವಳು