ಹನ್ನೊಂದು ಗಂಟೆಗೆ ಫೋನ್ ಎತ್ತು

ಅಪ್ಪಾ,

ತಿಂಡಿ ಮುಚ್ಚಿಟ್ಟಿದ್ದೀನಿ, ಆರೋ ಮುಂಚೆ ತಿನ್ನು.

ಹನ್ನೊಂದು ಗಂಟೆಗೆ ಯೂನಿವರ್ಸಿಟಿ ಆಫೀಸಿಂದ ಫೋನ್ ಬರುತ್ತೆ. ಮಾಡೋಳು ನಾನೇ. ಹೊಸದಾಗಿ ಸೇರೋರನ್ನ ಕ್ಲಾಸ್ ಶುರುವಾಗೋ ಮುಂಚೆ ಮಾತಾಡಿಸೋಕೆ ಅಂತ ಸೀನಿಯರ್‌ಗಳಿಗೆ ಇಪ್ಪತ್ತಿಪ್ಪತ್ತು ಹೆಸರು ಹಂಚಿದ್ದಾರೆ. ನನ್ನ ಪಾಲಿಗೆ ನೀನೂ ಬಂದಿದ್ದೀಯ.

ಆಗಲೇ ಎರಡು ಸಲ ಕಟ್ ಮಾಡಿದ್ದೀಯ. ಹೊಲಿಗೆ ಮಷಿನ್ ಸದ್ದಲ್ಲಿ ಕೇಳಿಸಲಿಲ್ಲ ಅನ್ನಬೇಡ, ಕೇಳಿಸದವರು ಕಟ್ ಮಾಡಲ್ಲ. ಮೂರನೇ ಸಲವೂ ಎತ್ತದಿದ್ರೆ ಪಟ್ಟೀಲಿ ‘ಬರುವುದಿಲ್ಲ’ ಅಂತ ಬರೀಬೇಕು. ಅದನ್ನ ನನ್ನ ಕೈಯಲ್ಲಿ ಬರೆಸಬೇಡ.

ಐವತ್ತೆರಡು ವಯಸ್ಸಿಗೆ ಓದ್ತೀನಿ ಅಂತ ಹೊರಟಿದ್ದು ನೀನೇ, ನಾವ್ಯಾರೂ ತಳ್ಳಲಿಲ್ಲ. ಊರವರ ಬಟ್ಟೆನೆಲ್ಲ ಒಂದೇ ಏಟಿಗೆ ಹೊಲಿದು ಮುಗಿಸೋನು, ಕಾಲೇಜಿಗೆ ಅಂತ ಹೊಲಿದ ನಿನ್ನ ಶರ್ಟಿನ ಕಾಲರ್ ಮಾತ್ರ ಮೂರು ಸಲ ಬಿಚ್ಚಿದ್ದೀಯ. ನೋಡಿ ನೋಡಿ ನನಗೂ ಕೂತಲ್ಲಿ ಕೂರೋಕೆ ಆಗ್ತಿಲ್ಲ. ಕಾಲರ್ ಸರಿಯಾಗೇ ಇದೆ.

ಫೋನಲ್ಲಿ ‘ಏನ್ ಪುಟ್ಟಿ’ ಅನ್ನಬೇಡ, ಪಕ್ಕದಲ್ಲಿ ಎಲ್ಲರೂ ಇರ್ತಾರೆ. ನಾನೂ ‘ಸರ್’ ಅಂತೀನಿ. ‘ಬರೋಕೆ ಏನಾದರೂ ಅಳುಕಿದೆಯಾ’ ಅನ್ನೋದು ಕೊನೇ ಪ್ರಶ್ನೆ. ಮನೇಲಿ ಕೇಳಿದ್ರೆ ಬಾಯಲ್ಲಿ ನೂಲು ಕಚ್ಚಿಕೊಂಡು ಮಷಿನ್ ತುಳೀತೀಯ. ಆಫೀಸಿನ ಹುಡುಗಿ ಹತ್ರನಾದ್ರೂ ಹೇಳು.

ಅವಳು ಮನೆಯವರಿಗೆ ಹೇಳಲ್ಲ.