ಪೆಟ್ರೋಲ್ ಬಂಕಿನ ಅಲೆ ಮತ್ತು ಮೂವತ್ತೇಳನೆಯ ದಿನ

ಮೂವತ್ತನಾಲ್ಕನೇ ಆಗಸ್ಟ್, 2193
ಆಸ್ಟ್ರೇಲಿಯಾದ ಪೂರ್ವ ಕರಾವಳಿ, ಮನೆಗಾಡಿಯ ಮೆಟ್ಟಿಲ ಮೇಲಿಂದ

ಸಮಸ್ತ ಪೂರ್ವಿಕರೇ,

ಇಂದು ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ನನ್ನ ಟವೆಲ್ ಒಣಗಿತು ಎಂಬ ಸಂಗತಿಯನ್ನು ತಮ್ಮೆಲ್ಲರ ಸನ್ನಿಧಿಯಲ್ಲಿ ಗೌರವಪೂರ್ವಕವಾಗಿ ಘೋಷಿಸುತ್ತೇನೆ. ಈ ಪ್ರವಾಸದ ಮೂವತ್ತೇಳು ದಿನಗಳಲ್ಲಿ ಇದು ಪ್ರಥಮ. ಸಮುದ್ರದ ಪಕ್ಕ ಗಾಡಿ ನಿಲ್ಲಿಸಿಕೊಂಡು ಬದುಕುವವರಿಗೆ ಒಣಗುವುದು ಎಂಬ ಕ್ರಿಯಾಪದವೇ ಮರೆತುಹೋಗುತ್ತದೆ. ಹಾಸಿಗೆ ಒದ್ದೆ, ಉಪ್ಪು ಒದ್ದೆ, ಬೆಂಕಿಪೊಟ್ಟಣ ಒದ್ದೆ. ಆದ್ದರಿಂದ ಈ ಟವೆಲಿಗಾಗಿ ತಾವು ಒಂದು ನಿಮಿಷ ಎದ್ದು ನಿಲ್ಲಬೇಕೆಂದು ಕೇಳುವುದಿಲ್ಲ, ಆದರೆ ನಿಂತರೆ ಬೇಡ ಎನ್ನುವುದಿಲ್ಲ.

ಮೇಲಿನ ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಆಗ ಎಲ್ಲ ಕಚೇರಿಗಳೂ ಬಾಗಿಲು ಹಾಕಿಕೊಂಡು, ಉಳಿದ ದಿನಗಳಲ್ಲಿ ಮಾಡದ ಕೆಲಸವನ್ನೇ ಮಾಡದೆ ಕೂರುತ್ತವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಈ ಪತ್ರ ನಿಮಗೆ ತಲುಪಿದ್ದು ಹಿಂದಂಚೆಯಿಂದ. ಮುಂದಿನವರು ಹಿಂದಿನವರಿಗೆ ಬರೆಯುವ ಅಂಚೆ ಅದು. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ನಿಮಗೆ ಉಪಯೋಗವಾಗುವ ಸಾಲು ಏನಿದ್ದರೂ ಗುಮಾಸ್ತರು ಕಪ್ಪು ಬಳಿಯುತ್ತಾರೆ, ಹೀಗಾಗಿ ಚುನಾವಣೆ, ಚಿನ್ನದ ದರ, ಕ್ರಿಕೆಟ್ ಇವುಗಳ ವಿಷಯ ನನ್ನಿಂದ ನಿರೀಕ್ಷಿಸಬೇಡಿ. ನಮ್ಮ ಮನೆಯ ಒಬ್ಬಾಕೆ ತನ್ನ ಒಂದೇ ಕಾಗದವನ್ನು ಮುತ್ತಜ್ಜಿಗೆ ಬರೆದು, ಬೆಂಡೋಲೆ ಎಲ್ಲಿ ಬಿತ್ತು ಅಂತ ಕೇಳಿ ಮುಗಿಸಿದಳು. ಮುತ್ತಜ್ಜಿಯ ಉತ್ತರ ಬರುವ ದಾರಿಯಿಲ್ಲ ಎಂಬುದು ಆಮೇಲೆ ಹೊಳೆಯಿತು. ನನ್ನ ಕಾಗದ ನಾನು ಇಂದು ಖರ್ಚು ಮಾಡುತ್ತಿದ್ದೇನೆ. ಯಾಕೆ ಎಂಬುದನ್ನು ಸಾವಕಾಶವಾಗಿ ಹೇಳುತ್ತೇನೆ, ನನಗೆ ದಣಿವಾಗಿದೆ.

ನನ್ನ ಹೆಸರು ಇಂದುಮತಿ ನರೇಗಲ್ಲ. ವಯಸ್ಸು ಐವತ್ತೊಂಬತ್ತು. ಇರುವುದು ಧಾರವಾಡದ ಒಂದು ಹನ್ನೆರಡಾಳು ಮನೆಯಲ್ಲಿ. ಜಾಗ ಸಾಲದೆ ಬಂದ ವ್ಯವಸ್ಥೆ ಅದು: ಸಂಬಂಧವಿಲ್ಲದ ಹನ್ನೆರಡು ಜನ, ಒಂದು ಅಡುಗೆಮನೆ, ಎರಡು ಬಚ್ಚಲು, ಚಿಲಕವಿಲ್ಲದ ಕೋಣೆಗಳು. ಕೆಟ್ಟ ಜನರಲ್ಲ. ಒಳ್ಳೆಯವರಾದ್ದರಿಂದಲೇ ತೊಂದರೆ. ಬಚ್ಚಲಿನ ಸರದಿ ಬರೆಯುವ ಕೆಲಸ ಮೂವತ್ತೊಂದು ವರ್ಷಗಳಿಂದ ನನ್ನದು. ಹೀಗಾಗಿ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಒಬ್ಬರು ಬಂದು ಮಂಚದ ಅಂಚಿಗೆ ಕೂತು, ಇನ್ನೊಬ್ಬರು ಬಿಸಿನೀರು ಮುಗಿಸಿದ ಕಥೆಯನ್ನು ಆರಂಭಿಸಿರುತ್ತಾರೆ. ನಾನು ಹೂಂಗುಟ್ಟಬೇಕು. ಈ ಮೂವತ್ತೊಂದು ವರ್ಷಗಳಲ್ಲಿ ನಾನು ಎಷ್ಟು ಸಲ ಹೂಂಗುಟ್ಟಿದ್ದೇನೆಂದರೆ, ಒಮ್ಮೆ ದಂತವೈದ್ಯರು ಹಲ್ಲು ಕೀಳಲೇ ಎಂದು ಕೇಳಿದಾಗಲೂ ಹೂಂ ಎಂದು, ನೋವಿಲ್ಲದ ಹಲ್ಲೊಂದನ್ನು ಕಳೆದುಕೊಂಡೆ.

ಅದೇ ಕಟ್ಟಡದ ಮೂರನೇ ಮಹಡಿಯ ಹಿಂಭಾಗದಲ್ಲಿ ಒಬ್ಬರಿಗೇ ಇರುವ ಕೋಣೆಯೊಂದಿದೆ. ಒಂಬತ್ತಡಿಗೆ ಹತ್ತಡಿ. ಕಿಟಕಿಯಿಂದ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ನಾನು ಎರಡು ಸಲ ಹೋಗಿ ನೋಡಿ ಬಂದೆ. ಎರಡನೆಯ ಸಲ ಯಾರೂ ಇಲ್ಲದಾಗ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದೆ. ಹನ್ನೊಂದು ವರ್ಷಗಳಿಂದ ನನಗೆ ಬೇಕಾಗಿರುವುದು ಇದೊಂದೇ. ಅದು ಸಿಗಬೇಕಾದರೆ ಒಂಟಿತನಕ್ಕೆ ಅರ್ಹತೆ ತೋರಿಸಬೇಕು: ನಲವತ್ತು ದಿನ ಒಬ್ಬರೇ ಪ್ರವಾಸ, ಜೀವಂತ ಮನುಷ್ಯರೊಂದಿಗೆ ಒಂದು ಪದವೂ ಆಡಬಾರದು. ಕೊರಳಪಟ್ಟಿಗೆ ಮೌನಗುಂಡಿ ಹಚ್ಚುತ್ತಾರೆ. ಇಪ್ಪತ್ತು ಮಾರಿನೊಳಗೆ ಇನ್ನೊಬ್ಬ ಮನುಷ್ಯ ಇದ್ದಾಗ ನಿಮ್ಮ ಬಾಯಿಂದ ಪದ ಹೊರಟರೆ ಹಸಿರು ಹೋಗಿ ಕೆಂಪಾಗುತ್ತದೆ. ಕೆಂಪಾದರೆ ಕೋಣೆ ಇಲ್ಲ.

ಒಂಟಿತನಕ್ಕೆ ಎಲ್ಲಿಗೆ ಹೋಗಬಹುದು ಎಂಬ ಪಟ್ಟಿ ಕೊಟ್ಟರು. ಹಿಮಾಲಯದ ಗುಹೆಗೆ ಹದಿನಾಲ್ಕು ವರ್ಷ ಕಾಯಬೇಕಂತೆ. ಥಾರ್ ಮರುಭೂಮಿಯಲ್ಲಿ ಒಂಟಿಗಳ ನೂಕುನುಗ್ಗಲು. ಖಾಲಿ ಇದ್ದದ್ದು ಆಸ್ಟ್ರೇಲಿಯಾದ ಕರಾವಳಿಯ ಮನೆಗಾಡಿ. ಯಾಕೆ ಖಾಲಿ ಎಂದರೆ, ಅದರ ಜೊತೆಗೆ ಸರ್ಫಿಂಗ್ ಹಲಗೆ ಕಡ್ಡಾಯ. ಒಂಟಿತನ ಸೋಮಾರಿತನವಾಗಬಾರದೆಂದು ದಿನಕ್ಕೊಂದು ತಾಸು ಅಲೆಯ ಮೇಲೆ ಇರಬೇಕು. ನನ್ನ ಜೀವನದಲ್ಲಿ ನಾನು ಕಂಡ ಅತಿ ದೊಡ್ಡ ನೀರು ಉಣಕಲ್ ಕೆರೆ. ಆದರೂ ಸಹಿ ಹಾಕಿದೆ. ಸಮುದ್ರ ಬಿಸಿನೀರಿನ ವಿಷಯ ಎತ್ತುವುದಿಲ್ಲವಲ್ಲ.

ಮನೆಗಾಡಿ ಎಂದರೆ ನಿಮ್ಮ ಕಾಲದ ಕ್ಯಾಂಪರ್ ವ್ಯಾನಿನ ಮೊಮ್ಮಗಳು. ಹನ್ನೊಂದು ಅಡಿಯೊಳಗೆ ಇಡೀ ಸಂಸಾರ. ಮಂಚ ಮಡಚಿದರೆ ಮೇಜು, ಮೇಜು ಮಡಚಿದರೆ ಒಲೆ. ಅಂದರೆ ಬೆಳಗ್ಗೆ ಚಹಾ ಬೇಕಾದರೆ ಮೊದಲು ಹಾಸಿಗೆಯಿಂದ ಏಳಬೇಕು, ಹಾಸಿಗೆಯಿಂದ ಏಳಲು ಮೊದಲು ಚಹಾ ಬೇಕು. ಇದಕ್ಕೆ ನಿಮ್ಮ ಕಾಲದಲ್ಲೂ ಪರಿಹಾರ ಸಿಕ್ಕಿರಲಿಕ್ಕಿಲ್ಲ. ಮರಳು ಎಲ್ಲ ಕಡೆ. ಅನ್ನದಲ್ಲಿ, ಕಿವಿಯಲ್ಲಿ, ಮುಚ್ಚಿಟ್ಟ ಡಬ್ಬದಲ್ಲಿ. ಹಳೆಯ ರಸ್ತೆ ಹಲವು ಕಡೆ ನೀರಿನೊಳಗೆ ಹೋಗಿರುವುದರಿಂದ ಗಾಡಿ ಗುಡ್ಡ ಹತ್ತಿ ಇಳಿದು ಸುತ್ತಿ ಬರುತ್ತದೆ. ಹತ್ತು ಮೈಲಿ ದೂರದ ದಂಡೆಗೆ ಅರ್ಧ ದಿನ. ಒಂದೇ ದಂಡೆಯಲ್ಲಿ ನಾಲ್ಕು ರಾತ್ರಿಗಿಂತ ಹೆಚ್ಚು ನಿಲ್ಲುವಂತಿಲ್ಲ, ಯಾಕೆಂದರೆ ಐದನೆಯ ದಿನಕ್ಕೆ ಮನುಷ್ಯ ನೆರೆಹೊರೆ ಹುಡುಕುತ್ತಾನೆ ಎಂದು ಕಾನೂನು ಬರೆದವರಿಗೆ ಗೊತ್ತಿತ್ತು.

ನೀವು ಕಂಡ ಬೀಚುಗಳು ಈಗ ತಳದಲ್ಲಿವೆ. ಅಲೆಗಳು ಒಡೆಯುವುದು ಮುಳುಗಿದ ಊರುಗಳ ಮೇಲೆ. ಹೀಗಾಗಿ ಅಲೆಗಳಿಗೆ ಅವು ಒಡೆಯುವ ಜಾಗದ ಹೆಸರು. ‘ಹೋಟೆಲ್ ಮಹಡಿ’ ಎಂಬ ಅಲೆ ಎತ್ತರ, ಒರಟು. ‘ಸ್ಕೂಲ್ ಮೈದಾನ’ ಸಪಾಟು, ಮಕ್ಕಳಿಗೆ. ನಾನು ಈಗಿರುವಲ್ಲಿನ ಅಲೆಯ ಹೆಸರು ‘ಪೆಟ್ರೋಲ್ ಬಂಕ್’. ಇಳಿತದ ಹೊತ್ತಿಗೆ ಅದರ ಚಾವಣಿಯ ಅಂಚು ಕಾಣುತ್ತದೆ, ಅದರ ಮೇಲೆ ನೀರುಕಾಗೆಗಳು ಸಾಲಾಗಿ ಕೂತು ರೆಕ್ಕೆ ಒಣಗಿಸಲು ನೋಡುತ್ತವೆ. ಅವಕ್ಕೂ ಒಣಗುವುದಿಲ್ಲ.

ಮೊದಲ ಮೂವತ್ತಮೂರು ದಿನಗಳ ಸರ್ಫಿಂಗ್ ಸಾಧನೆಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಬಿದ್ದೆ. ಮುಂದಕ್ಕೆ ಬಿದ್ದೆ, ಹಿಂದಕ್ಕೆ ಬಿದ್ದೆ, ಹಲಗೆ ಹತ್ತುವ ಮೊದಲೇ ಬಿದ್ದೆ. ಸಂಜೆ ಒದ್ದೆ ಟವೆಲಿನಲ್ಲಿ ಒದ್ದೆ ಮೈ ಒರೆಸಿಕೊಂಡು, ಇನ್ನು ಇಷ್ಟು ದಿನ, ಇನ್ನು ಇಷ್ಟು ದಿನ ಎಂದು ಆ ಚಿಲಕವನ್ನು ನೆನೆಯುತ್ತ ಮಲಗುತ್ತಿದ್ದೆ.

ಪೆಟ್ರೋಲ್ ಬಂಕಿಗೆ ನಾನು ಬಂದ ಮರುದಿನ ಇನ್ನೊಂದು ಮನೆಗಾಡಿ ಬಂದು ನಿಂತಿತು. ಅದರವರ ಕೊರಳಪಟ್ಟಿಯಲ್ಲೂ ಹಸಿರು ಗುಂಡಿ. ಅಂದರೆ ಅವರೂ ಒಂಟಿ, ಅವರಿಗೂ ಮಾತಿಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ ಕೈಮುಗಿಯಬೇಕೆನಿಸಿತು. ಮುಖ ಕಾಣಲಿಲ್ಲ. ನಮ್ಮ ಕಾಲದ ಬಿಸಿಲಿಗೆ ಹೊರಗೆ ಬರುವವರೆಲ್ಲ ಬಿಸಿಲಂಗಿ ತೊಡಬೇಕು; ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಚೀಲ, ಕಣ್ಣಿಗೆ ಕಪ್ಪು ಗಾಜು. ಅವರದು ಹಳದಿ ಬಣ್ಣದ್ದು. ಮನಸ್ಸಿನಲ್ಲೇ ಅವರಿಗೆ ಹಳದಿ ಅಂಗಿ ಎಂದು ಹೆಸರಿಟ್ಟೆ. ದಿನಾ ಬೆಳಗ್ಗೆ ಅವರ ಗಾಡಿಯೊಳಗಿಂದ ಥಪ್ ಥಪ್ ಎಂದು ಸದ್ದು ಬರುತ್ತಿತ್ತು. ಹಲಗೆಗೆ ಮೇಣ ಬಡಿಯುತ್ತಿರಬೇಕು ಅಂದುಕೊಂಡೆ.

ಹಳದಿ ಅಂಗಿ ನೀರಿನಲ್ಲಿ ಎದ್ದು ನಿಂತರೆ ನೋಡಬೇಕು. ನಿಧಾನ, ಸ್ವಲ್ಪ ಬಾಗಿದ ಬೆನ್ನು, ತರಕಾರಿ ತರಲು ಹೊರಟವರ ಹಾಗೆ ಅಲೆಯ ಮೇಲೆ ಬಂದು ದಂಡೆಯಲ್ಲಿ ಇಳಿಯುವುದು. ನಾನು ಬೀಳುವುದನ್ನು ಒಂದು ದಿನ ಸಹಿಸಿಕೊಂಡರು. ಎರಡನೆಯ ದಿನ ಹತ್ತಿರ ಬಂದು ತಮ್ಮ ಮೊಣಕಾಲಿಗೆ ಫಟ್ಟನೆ ಹೊಡೆದುಕೊಂಡರು, ಬಗ್ಗಿಸು ಎಂದರ್ಥ. ನನ್ನ ಪಾದ ಹಿಡಿದು ಹಲಗೆಯ ಮೇಲೆ ಸರಿಯಾದಲ್ಲಿ ಇಟ್ಟರು. ನನ್ನ ಗದ್ದ ಎತ್ತಿ ದಂಡೆಯ ಕಡೆ ತಿರುಗಿಸಿದರು, ಕಾಲು ನೋಡಬೇಡ ಎಂದರ್ಥ. ಮೂವತ್ತಾರನೆಯ ದಿನ ನಾನು ನಿಂತೆ. ಅಲೆ ನನ್ನನ್ನು ಪೆಟ್ರೋಲ್ ಬಂಕಿನ ಮೇಲಿಂದ ದಂಡೆಯವರೆಗೆ ಹೊತ್ತು ತಂದಿತು. ಅಷ್ಟು ಹೊತ್ತು ಮೈಗೆ ಭಾರವೇ ಇರಲಿಲ್ಲ, ತಲೆಯೊಳಗೆ ಯಾರ ದೂರೂ ಇರಲಿಲ್ಲ. ಹಳದಿ ಅಂಗಿ ಎರಡೂ ಕೈ ಮೇಲೆತ್ತಿ ನಿಂತರು, ಆಮೇಲೆ ತಮ್ಮ ಪಾಡಿಗೆ ತಾವು ತಿರುಗಿ ಹೋದರು. ಹೇಗನ್ನಿಸಿತು ಅಂತ ಕೇಳಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ನನಗೆ ಯಾರೂ ಇಷ್ಟು ದೊಡ್ಡ ಉಪಕಾರ ಮಾಡಿರಲಿಲ್ಲ.

ಇಂದು ಬೆಳಗ್ಗೆ ನಾಲ್ಕು ರಾತ್ರಿಯ ಗಡುವು ಮುಗಿಯಿತು. ಹಲಗೆ ಕಟ್ಟಿದೆ, ಮಂಚ ಮಡಚಿದೆ, ಹೊರಟೆ. ಹಳದಿ ಅಂಗಿ ತಮ್ಮ ಗಾಡಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ತಿರುಗಿ ನೋಡಿದೆ. ಪೂರ್ವಿಕರೇ, ಆಮೇಲೆ ಆದದ್ದಕ್ಕೆ ನಾನು ಜವಾಬ್ದಾರಳಲ್ಲ. ನನ್ನ ಬಾಯಿ ಜವಾಬ್ದಾರಿ, ನನ್ನ ಅವ್ವ ಜವಾಬ್ದಾರಿ, ಅವಳ ಅವ್ವ, ಲೆಕ್ಕ ಹಿಡಿದರೆ ನೀವೂ ಜವಾಬ್ದಾರರು.

“ಬರ್ತೀನ್ರಿ,” ಎಂದೆ.

“ಹೂನ್ರಿ, ಹೋಗಿ ಬರ್ರಿ,” ಎಂದರು ಹಳದಿ ಅಂಗಿ.

ಎರಡು ಗುಂಡಿಗಳೂ ಒಟ್ಟಿಗೆ ಕೆಂಪಾದವು. ಹಳದಿ ಅಂಗಿ ನಿಧಾನಕ್ಕೆ ತಲೆಯ ಮುಸುಕು ಸರಿಸಿದರು. ಎಪ್ಪತ್ತು ದಾಟಿದ ಹೆಂಗಸು, ಬಿಳಿ ತುರುಬು, ಮೂಗುಬೊಟ್ಟು.

“ಅಯ್ಯ ಶಿವನ! ಯಾವೂರವ್ವ ನಿಂದು?”

“ನರೇಗಲ್ಲರಿ. ಈಗ ಧಾರವಾಡದಾಗ ಇರ್ತೀನಿ.”

“ನಂದು ಬೈಲಹೊಂಗಲ. ಕಾಶವ್ವ ಹೂಗಾರ ಅಂತ. ಅಲ್ಲವ್ವ, ಮೂವತ್ತೊಂಬತ್ತ ದಿನಾ ಬಾಯಿ ಹೊಲಕೊಂಡು ಕುಂತಿದ್ದೆ. ನಾಳೆ ಒಂದ ದಿನಾ ಉಳದಿತ್ತು. ನೀ ಯಾಕ ಬಾಯಿ ಬಿಟ್ಟಿ?”

“ನೀವ್ಯಾಕ ಉತ್ತರಾ ಕೊಟ್ರಿ?” ಎಂದೆ, ಅಳು ಬಂದು.

“ಬರ್ತೀನಿ ಅಂದವರ ಮುಂದ ಕಲ್ಲಿನಂಗ ಕುಂದರೂದ ಹೆಂಗ? ನಮ್ಮ ಮನ್ಯಾಗ ಯಾರೂ ಹಂಗ ಕುಂತಿಲ್ಲ. ನೀ ಹೇಳದ ಹೋಗಿದ್ದಿ ಅಂದ್ರ ಮನಸಿನ್ಯಾಗ ಬೈತಿದ್ದೆ. ಹಂಗ ಬೈಯೂದಕ್ಕ ಗುಂಡಿ ಇನ್ನೂ ಬಂದಿಲ್ಲ.”

ಗುಂಡಿಯನ್ನು ಕೆಂಪಾಗಿಸಿದ ಪದ ಮಾತ್ರ ಲೆಕ್ಕಕ್ಕೆ; ಆಮೇಲಿನ ಮಾತಿಗೆ ಮಿತಿಯಿಲ್ಲ. ಥಪ್ ಥಪ್ ಸದ್ದು ಜೋಳದ ರೊಟ್ಟಿಯದು. ಹನ್ನೆರಡಾಳು ಮನೆಗಳಲ್ಲಿ ರೊಟ್ಟಿ ಬಡಿಯುವುದು ಯಂತ್ರ. ಅದು ಗುಂಯ್ ಎನ್ನುತ್ತದೆ. ಕೈ ಸದ್ದು ನನಗೆ ಗುರುತಾಗಿರಲಿಲ್ಲ. ಅದೇ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟು, ಕಾಶವ್ವ ತಮ್ಮ ಕಥೆ ಹೇಳಿದರು. ಇದು ಅವರ ಎರಡನೆಯ ಪ್ರಯತ್ನವಂತೆ. ಮೊದಲ ಸಲ ಹನ್ನೊಂದನೆಯ ದಿನ ಕೆಟ್ಟಿತು. “ಒಬ್ಬಾಂವ ದಂಡಿಮ್ಯಾಲ ಕುಂತು ಟೊಮ್ಯಾಟೊ ಹೆಚ್ಚತಿದ್ದ. ಚಾಕೂ ಬೆರಳ ಹತ್ತರನ ಇತ್ತು. ‘ಏ ತಮ್ಮಾ, ಸಾವಕಾಶ’ ಅಂದೆ. ಹೋತು.” ಮೂರನೆಯ ಪ್ರಯತ್ನ ಯಾರಿಗೂ ಇಲ್ಲ. ಕೋಣೆ ಸಿಕ್ಕರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಏನ್ ಮಾಡ್ಲಿ? ಬಾಗಲಾ ಹಾಕ್ಕೊಂಡು ಎರಡ ದಿನಾ ಮಲಗತಿದ್ದೆ. ಯಾರೂ ಎಬ್ಬಸಬಾರದು,” ಎಂದರು. ಅವರೂ ಬಚ್ಚಲಿನ ಸರದಿ ಬರೆಯುವವರೇ.

ಒಟ್ಟಿಗೆ ಸಿಕ್ಕಿಬಿದ್ದೆವಲ್ಲ, ಇನ್ನು ಒಂಟಿ ಕೋಣೆ ಯಾಕೆ ಎಂದು ನೀವು ಭಾವುಕರಾಗಬೇಡಿ. ನಮ್ಮಿಬ್ಬರಿಗೂ ಕೋಣೆ ಬೇಕು. ಎರಡು ಬೇರೆ ಬೇರೆ ಕೋಣೆ, ಎರಡು ಚಿಲಕ.

ಕೆಂಪಾದ ಗುಂಡಿಯಿಂದಲೇ ಮೇಲ್ಮನವಿ ಕೊಡಬಹುದು; ಇಬ್ಬರೂ ಕೊಟ್ಟೆವು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಹದಿನೇಳನೆಯ ಕಲಮಿನ ಪ್ರಕಾರ ಸೀನು, ಆಕಳಿಕೆ, ನರಳಾಟ ಇವು ಮಾತಲ್ಲ. ನೂರೈವತ್ತು ವರ್ಷಕ್ಕೂ ಹಿಂದಿನಿಂದ ಜನ ಯೋಚನೆಯಿಲ್ಲದೆ ಆಡುತ್ತ ಬಂದ ಶಬ್ದವೆಂದು ಸಾಬೀತಾದರೆ ಅದೂ ಮಾತಲ್ಲ, ಉಸಿರು. ಸಾಕ್ಷಿಗೆ ನಾಲ್ಕು ದಿನ ಗಡುವು. ಕಥೆ, ಸಿನಿಮಾ ನಡೆಯುವುದಿಲ್ಲ, ಅಲ್ಲಿ ಯಾರೋ ಬರೆದುಕೊಟ್ಟದ್ದನ್ನು ಹೇಳುತ್ತಾರೆ. ನಿಜವಾದ ಮನೆ, ನಿಜವಾದ ಜನ, ತಾರೀಕಿರುವ ದಾಖಲೆ ಬೇಕು. ಹೊರಡುವವರ ಮಾತೂ ಇರಬೇಕು, ಉಳಿಯುವವರ ಉತ್ತರವೂ ಇರಬೇಕು. ಇಲ್ಲದಿದ್ದರೆ ನನಗೆ ಕೋಣೆ ಸಿಕ್ಕು ಕಾಶವ್ವನಿಗೆ ತಪ್ಪುತ್ತದೆ.

ಟವೆಲ್ ಒಣಗುತ್ತಿದ್ದ ಹೊತ್ತಿನಲ್ಲಿ ನಾವಿಬ್ಬರೂ ನಿಮ್ಮ ಕಾಲದ ವಿಡಿಯೊಗಳ ಭಂಡಾರ ತೆರೆದು ಕೂತೆವು. ಏನು ಹೇಳಲಿ! ನೀವು ದೋಸೆಯನ್ನು ಎಲ್ಲ ದಿಕ್ಕಿನಿಂದ ಚಿತ್ರಿಸಿದ್ದೀರಿ. ಬೆಕ್ಕು ನಿದ್ದೆ ಮಾಡುವುದನ್ನು ಸಾವಿರಾರು ತಾಸು ಕಾಯ್ದಿಟ್ಟಿದ್ದೀರಿ. ಸೀಮಂತ, ಗೃಹಪ್ರವೇಶ, ಹೊಸ ಬೈಕು, ಎಲ್ಲವೂ ಇವೆ. ಆದರೆ ನೆಂಟರು ಹೊರಡಲು ಎದ್ದು ಚೀಲ ಎತ್ತಿಕೊಂಡ ಕೂಡಲೇ ಚಿತ್ರ ನಿಂತುಹೋಗುತ್ತದೆ. ನಾವು ನೋಡಿದ ಒಂದರಲ್ಲೂ ಯಾರೂ ಬಾಗಿಲವರೆಗೆ ತಲುಪಲಿಲ್ಲ. ನಿಮ್ಮ ಕಾಲದಲ್ಲಿ ಯಾರೂ ಯಾರ ಮನೆಯಿಂದಲೂ ಹೊರಟೇ ಇಲ್ಲವೇನೋ ಎಂದು ಕಚೇರಿಯವರು ನಂಬಿದರೆ ತಪ್ಪಿಲ್ಲ. ನೋಡಿ ನೋಡಿ ಕಾಶವ್ವ ಕುರ್ಚಿಯಲ್ಲೇ ನಿದ್ದೆಹೋದರು. ನಾನು ನನ್ನ ಜನ್ಮದ ಕಾಗದ ತೆಗೆದೆ.

ಆದ್ದರಿಂದ ಒಂದು ಸಣ್ಣ ಕೆಲಸ. ಮುಂದಿನ ಸಲ ಯಾರದಾದರೂ ಮನೆಯಿಂದ ಹೊರಡುವಾಗ ನಿಮ್ಮ ಫೋನಿನ ರೆಕಾರ್ಡಿಂಗನ್ನು ಚಪ್ಪಲಿ ಹಾಕಿಕೊಳ್ಳುವವರೆಗೂ ನಿಲ್ಲಿಸಬೇಡಿ. ನೀವು ಹೇಳುವುದನ್ನು ಹೇಳಿ, ಒಳಗಿನವರು ಉತ್ತರ ಕೊಡುವ ತನಕ ತಡೆಯಿರಿ, ತಾರೀಕು ನಮೂದಿಸಿ ಉಳಿಸಿಡಿ; ಅದು ಭಂಡಾರ ಸೇರಿ ಇಲ್ಲಿ ನಮ್ಮ ಕೈಗೆ ಸಿಗುತ್ತದೆ. ಹಾಗೆಯೇ, ಆ ಮನೆಯ ಬಾಗಿಲು ಕಿರುಗುಟ್ಟುವಂಥದ್ದಾದರೆ ಮೊದಲು ಬಿಜಾಗರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ಕಾಶವ್ವನ ಪಾಲಿನ ಉತ್ತರ ಸ್ಪಷ್ಟವಾಗಿ ಕೇಳಿಸಬೇಕು.