ವಾಸುವಿನ ಸರದಿ

ಜಕ್ಕೂರು
14-11-2025, ಶುಕ್ರವಾರ

ಮಗಳ ಸಮಾನಳಾದ ಸೌಜನ್ಯಳಿಗೆ ಪಟಾಲಮ್ಮ ಆಂಟಿಯ ಆಶೀರ್ವಾದ.

ನೀನು ಫೋನಿನಲ್ಲಿ ಕಳಿಸಿದ ಮಾತು ಕೇಳಿದೆ. ತಿರುಗಿ ಮಾತಾಡಿ ಕಳಿಸೋಣವೆಂದು ಎರಡು ಸಲ ಶುರು ಮಾಡಿ ಅರ್ಧಕ್ಕೇ ಅಳಿಸಿದೆ. ಅದಕ್ಕೇ ಕಾಗದ ಬರೆದು ನಿನ್ನ ಜೊತೆ ಆಡುವ ರುಖ್ಸಾರ್ ಕೈಯಲ್ಲಿ ಕೊಡುತ್ತಿದ್ದೇನೆ. ಚಿಕ್ಕಜಾಲದ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ನನ್ನ ವಾಸು ತೀರಿಕೊಂಡ ಮೇಲೆ ನೀವು ಗೆಳೆಯರೆಲ್ಲ ಆ ದಾಳ ಹಾಕಿ ಕಥೆ ಕಟ್ಟುವ ಆಟ ನಿಲ್ಲಿಸಿದಿರಿ. ಈಗ ಮತ್ತೆ ಶುರು ಮಾಡಬೇಕು, ಆದರೆ ಆಟದೊಳಗೆ ಅವನನ್ನು ಹಾವಿನ ಸುತ್ತಿನಲ್ಲೇ ಬಿಡಲು ಮನಸ್ಸಿಲ್ಲ ಎಂದೆ ನೀನು. "ಹಾವೇ ಸುತ್ತು ಬಿಚ್ಕೊಂಡು ಹೊರಟ್ಹೋಯ್ತು ಅಂತ ಹೇಳ್ಬಿಡ್ತೀನಿ ಆಂಟಿ, ನಿಮಗೆ ಒಪ್ಪಿಗೇನಾ?" ಎಂದು ಕೇಳಿದೆ. ನನಗೆ ಒಪ್ಪಿಗೆಯಿಲ್ಲ ಕಣಮ್ಮ.

ಕೊನೆಯ ಸಲ ಆಡಿದ ಆ ಭಾನುವಾರ ನಮ್ಮ ನಡುಮನೆಯಲ್ಲಿ ನೀವೆಲ್ಲ ಕೂತಿದ್ದದ್ದು ಕಣ್ಣ ಮುಂದೆಯೇ ಇದೆ. ಕಥೆ ಹೇಳುವವಳು ನೀನು, ಪ್ರಾಣಿಗಳ ದಾಳವೂ ನಿನ್ನದೇ. ಹೆಬ್ಬಾವು ಬಂತು ಎಂದೆ. ಹಾವಿಗೆ ಗೊಂಬೆ ಇರಲಿಲ್ಲವೆಂದು ವಾಸು ನನ್ನ ಹಸಿರು ಬಳೆ ಈಸಿಕೊಂಡ. ನಿನಗೆ ದೊಡ್ಡ ಅಂಕಿ ಬಿತ್ತು. ಹಾವು ಕಚ್ಚಿತು, ಕಚ್ಚಿದ್ದೇ ಸುತ್ತಿಕೊಂಡಿತು. ಅವನ ಗೊಂಬೆಯ ಸುತ್ತ ನೀನು ಬಳೆ ಇಟ್ಟೆ. ಒಗ್ಗರಣೆ ಸೌಟು ಹಿಡಿದೇ ಬಂದ ನನಗೆ ಎಲ್ಲ ಬಿಡಿಸಿ ಹೇಳಿದೆ. ಸಿಕ್ಕಿಕೊಂಡವನು ಜಾಗ ಬಿಟ್ಟು ಕದಲುವಂತಿಲ್ಲ. ಹಾವಿನ ಸರದಿ ಬಂದಾಗಲೆಲ್ಲ ಅದು ಹಿಂಡುತ್ತದೆ. ಅವನ ಸರದಿಗೆ ಒಂದೇ ಕೆಲಸ: ಕತ್ತಿಯಿಂದ ಹೊಡೆಯಬೇಕು, ಇಲ್ಲವೇ ಕೊಸರಿಕೊಂಡು ಬಿಡಿಸಿಕೊಳ್ಳಬೇಕು. ಕೊಸರಿಕೊಂಡರೆ ಅವನ ಅಂಕಿ ಹಾವಿನ ಅಂಕಿಯನ್ನು ಮೀರಬೇಕು. "ಹಿಡಿದ ಪ್ರಾಣಿ ತಾನಾಗಿ ಬಿಡಲ್ಲ ಆಂಟಿ" ಎಂದವಳೂ ನೀನೇ.

ಆಗ ನಾನೊಂದು ಮಾತು ಅಂದೆ. "ನಾಗಪ್ಪನ್ನ ಮಾತ್ರ ಹೊಡೀಬ್ಯಾಡ ಕಣ್ ಮಗ, ಆಟಕ್ಕಾದ್ರೂ ಸರಿ. ನಮ್ಮನೇಲಿ ಇಂಗೆಲ್ಲ ಆಗಾಕಿಲ್ಲ." ಕೆರೆ ಏರಿಯ ನಾಗರಕಲ್ಲಿಗೆ ನಡೆದುಕೊಳ್ಳುವ ಮನೆತನ ನಮ್ಮದು. ವಾಸು ಹುಟ್ಟಿದ್ದೂ ಅಲ್ಲಿ ಹರಕೆ ಹೊತ್ತ ಮೇಲೆಯೇ.

ರುಖ್ಸಾರ್ ಬಾಯಿ ಬಡಿದುಕೊಂಡಳು. "ಲೇ ವಾಸು, ನಾನು ದೂರ ಇದೀನಿ, ಒಂದು ಏಟು ಬಿದ್ರೆ ಹಾವು ಸಾಯುತ್ತೆ, ಹೊಡಿಯೋ!" ಅವನು ನಕ್ಕ. "ಹಾವು ಹಿಂಡಿದ್ರೆ ತಡ್ಕೋತೀನಿ ಗುರು, ಅಮ್ಮ ಹಿಂಡಿದ್ರೆ ಉಳಿಯಲ್ಲ." ನೀವೆಲ್ಲ ನಕ್ಕಿರಿ, ಪೇಪರ್ ಓದುತ್ತಿದ್ದ ನಮ್ಮ ಯಜಮಾನರೂ ನಕ್ಕರು. ಪ್ರತಿ ಸರದಿಗೂ ಅವನು ಬರೀ ಕೊಸರಾಡಿದ. ಪ್ರತಿ ಸಲವೂ ಚಿಕ್ಕ ಅಂಕಿ. ಆಮೇಲೆ ತಲೆನೋವು ಎಂದ, ಮುಂದಿನ ವಾರ ಬಿಡಿಸಿಕೊಳ್ಳುತ್ತೇನೆ ಎಂದು ಹೇಳಿ ಮಲಗಿದ. ಡೆಂಗಿ. ಆ ವಾರ ದಾಟಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಾಗಪ್ಪನಿಗೆ ಬೆಳ್ಳಿ ಹೆಡೆ ಒಪ್ಪಿಸುತ್ತೇನೆ, ಈ ಜ್ವರ ತಾನಾಗಿ ಬಿಟ್ಟುಹೋಗಲಿ ಎಂದು ಬೇಡಿಕೊಂಡಿದ್ದೆ. ಬಿಡಲಿಲ್ಲ. ಅದಕ್ಕೇ, ತಾನಾಗಿ ಬಿಟ್ಟುಹೋಯಿತು ಎನ್ನುವ ಕಥೆಯನ್ನು ನನ್ನ ಮಗನ ಹೆಸರಿನಲ್ಲಿ ಹೇಳಬೇಡ.

ನೀವಿಟ್ಟಿದ್ದ ಆಟದ ಹಲಗೆಯನ್ನು ಯಜಮಾನರು ಅಲುಗಿಸಲು ಬಿಟ್ಟಿಲ್ಲ, ಮೇಲೆ ಟವಲು ಹೊದಿಸಿದ್ದಾರೆ. ಧೂಳು ಒರೆಸುವಾಗೆಲ್ಲ ಆ ಬಳೆ ಕಾಣುತ್ತದೆ, ಒಳಗೆ ಅವನು.

ಈ ಭಾನುವಾರ ಬನ್ನಿ. ವಾಸು ಹಾವನ್ನು ಹೊಡೆಯಲಿ. ದೇವರ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ, ಕಲ್ಲಿಗೆ ಹಾಲೆರೆಯುವುದನ್ನು ನಾನು ಬಿಟ್ಟಿಲ್ಲ. ದೋಷ ಬಂದರೆ ನನಗೇ ಬರಲಿ, ತಪ್ಪುಕಾಣಿಕೆ ಹಾಕುತ್ತೇನೆ. ಅವನು ಕತ್ತಿ ಎತ್ತದೇ ಹೋದದ್ದು ನನ್ನ ಮಾತಿಗೆ ಕಟ್ಟುಬಿದ್ದು. ಆಡಿದವಳೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ರುಖ್ಸಾರ್ ಬಂದು ಬಿಡಿಸುವುದು ಬೇಡ, ಅವನ ಸರದಿಯಲ್ಲಿ ಅವನೇ ಹೊಡೆಯಲಿ. ಅವನ ದಾಳ ನಾನು ಹಾಕುತ್ತೇನೆ. ಚಿಕ್ಕ ಅಂಕಿ ಬಿದ್ದರೆ ಹಾವು ಹಿಂಡಲಿ, ನನಗೋಸ್ಕರ ಲೆಕ್ಕ ತಪ್ಪಿಸಬೇಡ. ಮುಂದಿನ ಸರದಿಗೆ ಮತ್ತೆ ಹಾಕುತ್ತೇನೆ.

ಊಟ ಇಲ್ಲೇ ಮಾಡಿ.

ಇಂತಿ,
ವಾಸುವಿನ ಅಮ್ಮ
ಪಟಾಲಮ್ಮ

ಮರೆತಿದ್ದೆ: ಏನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿಯೇ ದಾಳ ಹಾಕಬೇಕಲ್ಲವಾ? ನಿನ್ನೆ ಯಜಮಾನರು ಹೊರಗೆ ಹೋಗಿದ್ದಾಗ ಹಲಗೆಯ ಮುಂದೆ ಕೂತು "ಹಾವನ್ನ ಹೊಡೀತೀನಿ" ಎಂದು ಹೇಳಲು ನೋಡಿದೆ. ಬಾಯಿಂದ ಬರಲಿಲ್ಲ. ಭಾನುವಾರ ನನ್ನನ್ನು ಅವಸರ ಮಾಡಬೇಡಿ.